ಅತ್ತೆ ಕೇಳಿದ ಕೋಳಿ ಎಸರು

ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ನಾನು ಸುಮ್ಮನೆ ಒಬ್ಬಳೇ ನಿಲ್ಲುವುದಿಲ್ಲ. ರೇಡಿಯೋ ಹಚ್ಚಿಕೊಂಡಿರುತ್ತೇನೆ. ಮಗಳು ನಗುತ್ತಾಳೆ, ನಗಲಿ. ಸದ್ದು ನಿಂತರೆ ಸಾಕು, ಪಕ್ಕದ ಕೋಣೆಯಿಂದ ಅತ್ತೆ “ಅವ್ವಾ” ಎಂದು ಕರೆಯುತ್ತಾರೆ. ಅತ್ತೆ ತೀರಿಹೋಗಿ ಆರು ವರ್ಷವಾಯಿತು.

ಆ ವರ್ಷ ಅವರು ಹಾಸಿಗೆ ಹಿಡಿದಿದ್ದರು. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ ಮನೆಯಲ್ಲಿ ಬಾಡು ಬೇಯಿಸುವಂತಿಲ್ಲ ಎಂದು ಕಟ್ಟುನಿಟ್ಟು ಮಾಡಿದ್ದವಳು ನಾನೇ. ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಕ್ರೈಸ್ತರ ಮನೆಗಳು ನಾಲ್ಕೇ ನಾಲ್ಕು. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಎಲ್ಲರ ಮೂಗಿಗೂ ಗೊತ್ತು. ಮೇಲಾಗಿ ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವ ಟೀಚರಮ್ಮ ನಾನು. ವ್ರತ ಅಂದರೆ ಅವರ ಮನೆ ನೋಡಿ ಕಲಿಯಬೇಕು ಎನ್ನುವ ಮಾತು ಕಿವಿಗೆ ಬಿದ್ದಾಗಲೆಲ್ಲ ಒಳಗೊಳಗೇ ಉಬ್ಬಿಹೋಗುತ್ತಿದ್ದೆ.

ಎರಡು ದಿನದಿಂದ ಅನ್ನ ಬೇಡವೆಂದು ತಳ್ಳುತ್ತಿದ್ದ ಅತ್ತೆ ಒಂದು ಶುಕ್ರವಾರ ಮಧ್ಯಾಹ್ನ ನನ್ನ ಸೆರಗು ಹಿಡಿದರು.

“ಒಂಚೂರು ಕೋಳಿ ಎಸ್ರು ಮಾಡ್ಕೊಡವ್ವ. ಬಾಯಿ ಕೆಟ್ಟೋಗ್ಬುಟ್ಟದೆ.”

“ಇವತ್ತು ಶುಕ್ರವಾರ ಕಣತ್ತೆ. ಅಬ್ಬ ಬರ್ಲಿ, ಮಾಡ್ಕೊಡ್ತೀನಿ.”

“ಅಬ್ಬದ್ಗಂಟ ನಾನಿರ್ತೀನಾ?”

“ಸುಮ್ಕಿರಿ, ಅಂಗೆಲ್ಲಾ ಅನ್ಬೇಡಿ” ಎಂದು ಗದರಿಸಿ ರಾಗಿ ಗಂಜಿ ತಂದಿಟ್ಟೆ. ಅವರು ಅದನ್ನು ಮುಟ್ಟದೆ ಗೋಡೆಯ ಕಡೆ ತಿರುಗಿ ಮಲಗಿದರು. ಹಬ್ಬಕ್ಕೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರಕ್ಕೂ ಮೊದಲೇ ಹೋಗಿಬಿಟ್ಟರು.

ಅಲ್ಲಿಂದೀಚೆಗೆ ಪ್ರತಿ ತಪಸ್ಸುಕಾಲದಲ್ಲೂ, ಪಾಪನಿವೇದನೆಗೆ ಮೊದಲು ಚರ್ಚಿನ ಬೆಂಚಿನ ಮೇಲೆ ಕೂತು ನನ್ನ ತಪ್ಪುಗಳನ್ನು ಹುಡುಕಿದ್ದೇನೆ. ಸಿಟ್ಟು, ಚಾಡಿಮಾತು, ತಪ್ಪಿಸಿದ ಜಪಸರ, ಎಲ್ಲವನ್ನೂ ಹೇಳಿದ್ದೇನೆ. ಇದೊಂದನ್ನು ಮಾತ್ರ ಹೇಳಿರಲಿಲ್ಲ. ಇದು ತಪ್ಪಲ್ಲ, ನಾನು ಪಾಲಿಸಿದ ವ್ರತ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡಿದ್ದೆ. ಹಾಗಾದರೆ ಅತ್ತೆ ಯಾಕೆ ಇನ್ನೂ ಕರೆಯುತ್ತಾರೆ? ನಿಜ ಹೇಳುತ್ತೇನೆ, ದೇವರಿಗಿಂತ ಅವರಿಗೇ ನಾನು ಹೆಚ್ಚು ಹೆದರುತ್ತೇನೆ.

ಈ ವರ್ಷ ತಡೆಯಲಾಗಲಿಲ್ಲ. ಪಾಪನಿವೇದನೆಯ ಜಾಲರಿಯ ಆಚೆ ಕೂತಿದ್ದ ಚರ್ಚಿನ ಸ್ವಾಮಿಗಳಿಗೆ ಸೆರಗು ಹಿಡಿದದ್ದು, ಗಂಜಿ ಇಟ್ಟದ್ದು, ಎಲ್ಲವನ್ನೂ ಹೇಳಿದೆ. ಅವರು ನನಗಿಂತ ಎಷ್ಟೋ ಚಿಕ್ಕವರು. ಸಮಾಧಾನ ಮಾಡಲು ನೋಡಿದರು.

“ಕಾಯಿಲೆಯವರಿಗೆ ಈ ನಿಯಮ ಇಲ್ಲಮ್ಮ. ನಿಮಗೆ ಅದು ಗೊತ್ತಿರಲಿಲ್ಲ, ಅಷ್ಟೇ.”

ಹೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಗೊತ್ತಿತ್ತು ಸ್ವಾಮಿ” ಎಂದೆ. “ಅದರ ಹಿಂದಿನ ಭಾನುವಾರವೇ ಮಕ್ಕಳಿಗೆ ಇದನ್ನೇ ಪಾಠ ಮಾಡಿದ್ದೆ.”