ನನ್ನ ಅಳತೆಗೆ ಕತ್ತರಿಸಿದ ಕವಚ

ಕವಚದ ಕಿಟ್ಟು ಕೊರಿಯರಿನಲ್ಲಿ ಬಂದ ದಿನ ಅಮ್ಮ ಪೆಟ್ಟಿಗೆಯನ್ನು ಹಾಲ್‌ನಲ್ಲೇ ಬಿಚ್ಚಿಸಿದಳು. ಒಳಗಿದ್ದ ಬಿಳಿ ಪ್ಲಾಸ್ಟಿಕ್ ತುಂಡುಗಳನ್ನು ಒಂದೊಂದಾಗಿ ಎತ್ತಿ ನೋಡಿ, "ಸಾಮಾನು ಎಲ್ಲೇ? ಬರೀ ಪ್ಯಾಕಿಂಗ್ ಕಳ್ಸಿದಾರೆ" ಅಂದಳು.

"ಇದೇ ಸಾಮಾನಮ್ಮ."

"ಇದಾ? ಫ್ರಿಜ್ ತಗೊಂಡಾಗ ಇದಕ್ಕಿಂತ ಚೆನ್ನಾಗಿರೋದು ಬಂದಿತ್ತು. ಕಸಕ್ಕೆ ಹಾಕಿದ್ವಿ."

ಅಮ್ಮನ ಮಾತಿನಲ್ಲಿ ತರ್ಕದೋಷ ಹುಡುಕುವುದು ನನ್ನ ಹಳೇ ಚಾಳಿ. ಅವತ್ತು ಸಿಗಲಿಲ್ಲ. ನಿಜಕ್ಕೂ ಅದು ಪ್ಯಾಕಿಂಗ್ ಥರವೇ ಇತ್ತು. ಬಾಹ್ಯಾಕಾಶದ ಸಿನಿಮಾಗಳಲ್ಲಿ ಸಾಲುಸಾಲಾಗಿ ಬರುತ್ತಾರಲ್ಲ, ಅಂಥ ಸೈನಿಕನ ಕವಚ. ಎದೆ, ಬೆನ್ನು, ಹೊಟ್ಟೆ, ತೋಳು, ತೊಡೆ, ಮೊಣಕಾಲಿನ ಕೆಳಗೆ, ಕೊನೆಗೆ ಹೆಲ್ಮೆಟ್. ಕಾದ ಹಾಳೆಯನ್ನು ಅಚ್ಚಿನ ಮೇಲೆ ಒತ್ತಿ ತೆಗೆದ ತುಂಡುಗಳು, ಸುತ್ತಲೂ ಕತ್ತರಿಸದ ಅಂಚು. ನಾವು ಅಳತೆ ಹಿಡಿದು ಕತ್ತರಿಸಿ, ಅಂಟಿಸಿ, ಎಲಾಸ್ಟಿಕ್ಕು ಟಿಚ್ ಬಟನ್ನು ಕೂಡಿಸಿ, ಒಳಗೆ ಕಪ್ಪು ಬಟ್ಟೆ ತೊಟ್ಟು ಅದರ ಮೇಲೆ ಹಾಕಿಕೊಳ್ಳಬೇಕು. ಹಾಕಿಕೊಂಡ ಮೇಲೆ ಉಗುರಿನಷ್ಟು ಚರ್ಮವೂ ಹೊರಗೆ ಕಾಣುವುದಿಲ್ಲ.

ನನಗೆ ಬೇಕಿದ್ದದ್ದು ಅದೇ. ಯಾಕೆ ಅಂತ ಹೇಳುತ್ತೇನೆ.

ನಾನು ಚರ್ಚಾಸ್ಪರ್ಧೆಯಲ್ಲಿ ಬೆಳೆದವಳು. ಕುರುಬರಹಳ್ಳಿಯ ನಮ್ಮ ಮನೆಯ ಶೋಕೇಸಿನಲ್ಲಿ ಪರ್ಯಾಯ ಪಾರಿತೋಷಕಗಳು ಬಂದು, ಒಂದು ವರ್ಷ ಕೂತು, ವಾಪಸ್ ಹೋಗಿವೆ. ಗೆದ್ದಾಗಲೂ ಸೋತಾಗಲೂ ತೀರ್ಪುಗಾರರು ಕೊನೆಗೆ ಒಂದು ಮಾತು ಉಳಿಸಿಕೊಂಡಿರುತ್ತಿದ್ದರು. "ವಿಷಯ ಮಂಡನೆ ಚೆನ್ನಾಗಿತ್ತಮ್ಮ, ಮುಖದಲ್ಲಿ ಸ್ವಲ್ಪ ನಗು ಇದ್ದಿದ್ದರೆ." ಪಕ್ಕದಲ್ಲಿ ಮೇಜು ಗುದ್ದಿ ಮಾತಾಡಿದ ಹುಡುಗನಿಗೆ ಅದೇ ಬಾಯಿಂದ "ಪ್ರಖರ" ಅನ್ನುವ ಪದ. ನಾನು ಮೇಜು ಗುದ್ದಿದರೆ "ಕೋಪ". ಇದನ್ನೂ ವಿಷಯವಾಗಿ ತೆಗೆದುಕೊಂಡು ಒಂದು ಸಲ ವಾದಿಸಿದೆ. ಆಗಲೂ, ನಗುತ್ತಾ ಹೇಳಬಹುದಿತ್ತು ಅಂದರು. ಈಗ ವಿಜಯನಗರದ ಒಂದು ಶಾಲೆಯಲ್ಲಿ ಮಕ್ಕಳಿಗೆ ಚರ್ಚೆ ಕಲಿಸುತ್ತೇನೆ. ಅಲ್ಲೂ ಹೆಣ್ಣುಮಕ್ಕಳ ತಾಯಂದಿರು ಬಂದು, "ಮಿಸ್, ಸ್ವಲ್ಪ ಸಾಫ್ಟಾಗಿ ಮಾತಾಡೋದು ಹೇಳ್ಕೊಡಿ" ಅನ್ನುತ್ತಾರೆ. ಜೀವನದಲ್ಲಿ ಒಂದು ಸಲವಾದರೂ ಮುಖ ಇಲ್ಲದೆ ಜನರ ಮುಂದೆ ನಿಲ್ಲಬೇಕು ಅಂತ ನನಗೆ ಆಸೆ ಇತ್ತು.

ಇಂಥ ಕವಚ ಕಟ್ಟುವವರ ಗುಂಪೊಂದು ನಾಯಂಡಹಳ್ಳಿಯಲ್ಲಿತ್ತು. ಗುಂಪು ಅಂದರೆ ನಾಲ್ಕು ಹುಡುಗರು. ಅವರಲ್ಲೊಬ್ಬನ ಅಪ್ಪನ ರಟ್ಟಿನ ಗೋಡೌನು, ಅಲ್ಲಿ ಭಾನುವಾರದ ಕೆಲಸ. ಗೋಡೌನು ಅವನದಾದ್ದರಿಂದ ಗುಂಪಿನ ಯಜಮಾನನೂ ಅವನೇ. ನನಗಿಂತ ಎರಡೇ ವರ್ಷ ದೊಡ್ಡವನು, ಆದರೂ ಮಾತಿಗೆ ಮುಂಚೆ "ನೋಡಮ್ಮ" ಅನ್ನೋನು. ಮೊದಲ ದಿನ ಅವನು, "ಹುಡುಗೀರು ಈ ಸೈನಿಕನ ವೇಷ ಹಾಕಿದ್ದು ನಾನು ನೋಡಿಲ್ಲ" ಅಂದ. ನಾನು, "ಹೆಲ್ಮೆಟ್ ಹಾಕಿದ ಮೇಲೆ ಒಳಗೆ ಯಾರಿದ್ರೂ ಒಂದೇ ಅಲ್ವಾ? ನೀನು ನೋಡಿರಬಹುದು, ಗೊತ್ತಾಗಿರಲ್ಲ" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬ, ಆರಡಿ ದಾಟಿದ ಉದ್ದನೆಯ ಹುಡುಗ, "ಮಗಾ, ಪಾಯಿಂಟ್ ಇದೆ" ಅಂದ.

ನಾನು ಐದಡಿಗೆ ಒಂಚೂರು ಮೇಲೆ. ಕಿಟ್ಟು ಮಾಡಿದವರು ಯಾವುದೋ ದೇಶದ ಆಳೆತ್ತರದ ಗಂಡಸನ್ನು ಮನಸ್ಸಿನಲ್ಲಿಟ್ಟು ಮಾಡಿದ್ದರು. ಎದೆಯ ತುಂಡು ಇಟ್ಟುಕೊಂಡರೆ ಸೊಂಟಕ್ಕೆ ಬರುತ್ತಿತ್ತು. ತೊಡೆಯದು ಪಾದಕ್ಕೆ ತಾಗುತ್ತಿತ್ತು. ಕತ್ತರಿಸಲೇಬೇಕು, ಎಷ್ಟು ಅನ್ನುವುದೇ ಪ್ರಶ್ನೆ. ಯಜಮಾನ ಹೇಳಿದ: "ನೋಡಮ್ಮ, ಒಂದಿಂಚು ಬಿಟ್ಟು ಕತ್ತರ್ಸು. ನಾಳೆ ಬೇರೆ ಯಾರಿಗಾದ್ರೂ ಬೇಕಾಗಬಹುದು." ಮನೆಯಲ್ಲಿ ಅಮ್ಮನೂ ಅದನ್ನೇ ಹೇಳಿದಳು: "ಒಳಗೆ ಸ್ವಲ್ಪ ಬಿಟ್ಕೊಳೇ. ನಾಳೆ ದಪ್ಪ ಆಗ್ತೀಯ."

ನಮ್ಮ ಮನೆಯಲ್ಲಿ ಯಾವ ಬಟ್ಟೆಯನ್ನೂ ತೊಡುವವರ ಅಳತೆಗೆ ಹೊಲಿಸಿದ್ದಿಲ್ಲ. ಯೂನಿಫಾರ್ಮ್ ಲಂಗದ ಅಂಚು ಗೇಣುದ್ದ ಒಳಗೆ ಮಡಿಚಿರಬೇಕು. ವರ್ಷ ವರ್ಷ ಟೈಲರ್ ಅದನ್ನು ಬಿಚ್ಚಿ ಇಳಿಸಬೇಕು. ಇಳಿಸಿದ ಜಾಗದಲ್ಲಿ ಬಿಸಿಲು ಕಾಣದ ಕಡುನೀಲಿ ಪಟ್ಟಿ ಎದ್ದು ಕಾಣುತ್ತಿತ್ತು, ಇಡೀ ಕ್ಲಾಸಿಗೆ. ದೊಡ್ಡಮ್ಮನ ಮಗಳ ಚೂಡಿದಾರ ನನಗೆ ಬಂದು, ನನ್ನಿಂದ ಹೆಗ್ಗನಹಳ್ಳಿಯ ಚಿಕ್ಕಮ್ಮನ ಮನೆಗೆ ಹೋಗುತ್ತಿತ್ತು. ನನ್ನ ಮೈಮೇಲೆ ಇದ್ದದ್ದೆಲ್ಲ ಹಿಂದಿನವಳಿಗೆ ಬಿಗಿಯಾದದ್ದು, ಮುಂದಿನವಳಿಗೆ ಅಂತ ಬಿಟ್ಟುಕೊಂಡದ್ದು. ಇದು ಮಿತವ್ಯಯ, ತಪ್ಪೇನು ಅನ್ನಬಹುದು. ತಪ್ಪಿಲ್ಲ. ಆದರೆ ಇಪ್ಪತ್ತು ದಾಟಿದ ಮೇಲೂ ನನಗೆ ಸರಿಯಾಗಿ ಕೂರುವ ಒಂದು ವಸ್ತು ಬೇಕು ಅಂದರೆ ಅದು ದುಂದು ಅಂತ ನನಗೆ ಯಾರೂ ಸಾಬೀತು ಮಾಡಿಲ್ಲ.

ನಾನು ಒಂದಿಂಚೂ ಬಿಡಲಿಲ್ಲ. ಪೆನ್ಸಿಲ್ ಗೆರೆಯ ಮೇಲೆ ಕಟರ್ ಬ್ಲೇಡಿನಿಂದ ಎರಡು ಮೂರು ಸಲ ಗೀರಿ, ಬಗ್ಗಿಸಿದರೆ ಪಟ್ಟಂತ ಮುರಿಯುತ್ತದೆ. ಆ ಸದ್ದು ನನಗೆ ತುಂಬಾ ಇಷ್ಟವಾಯಿತು. ಎರಡು ಅರ್ಧಗಳ ನಡುವೆ ಒಳಗಿನಿಂದ ಪಟ್ಟಿ ಕೊಟ್ಟು ಅಂಟಿಸಿ, ಒಣಗುವ ತನಕ ಒತ್ತಿ ಹಿಡಿಯಲು ಬಟ್ಟೆ ಕ್ಲಿಪ್ಪು. ಅಮ್ಮ ಟೆರೇಸಿನಿಂದ ಕೂಗುತ್ತಿದ್ದಳು, "ಇಲ್ಲಿ ನಿಮ್ಮಪ್ಪನ ಪಂಚೆ ಪಕ್ಕದ್ಮನೆಗೆ ಹಾರೋಗಿದೆ, ನೀನು ಪ್ಲಾಸ್ಟಿಕ್ ಕಾಲಿಗೆ ಕ್ಲಿಪ್ ಹಾಕ್ಕೊಂಡು ಕೂತಿದೀಯ!" ಮೊದಲನೇ ತೊಡೆಯನ್ನು ತಲೆಕೆಳಗಾಗಿ ಅಂಟಿಸಿದೆ. ಕಿತ್ತು, ಗಟ್ಟಿಯಾದ ಅಂಟನ್ನು ಉಗುರಿನಿಂದ ಕೆರೆದು, ಮತ್ತೆ ಶುರು. ಅಂಚು ಚರ್ಮಕ್ಕೆ ಚುಚ್ಚಿದ ಕಡೆ ಬಕೆಟ್ಟಿನ ಬಿಸಿನೀರಲ್ಲಿ ಅದ್ದಿ ಹೊರಕ್ಕೆ ಬಗ್ಗಿಸಿದೆ. ಬೆನ್ನಿನ ಬಟನ್ನಿಗೆ ಕೈ ಎಟುಕುವುದಿಲ್ಲ. ಹುಡುಗರು ಒಬ್ಬರಿಗೊಬ್ಬರು ಹಾಕಿಕೊಡುತ್ತಿದ್ದರು, ನನ್ನ ಬೆನ್ನು ಮುಟ್ಟಲು ಅವರಿಗೆ "ಒಂಥರಾ". ಹಾಗಾಗಿ ಬಟನ್ನು ಬೇಡವೆಂದು ಲಂಗದ ಲಾಡಿ ಪೋಣಿಸಿ ಮುಂದಿನಿಂದ ಎಳೆದು ಬಿಗಿಯುವ ಹಾಗೆ ಮಾಡಿಕೊಂಡೆ. ಪೂರ್ತಿ ಮುಗಿದ ಸಂಜೆ ಹಾಕಿಕೊಂಡು ರೂಮಿನ ಕನ್ನಡಿಯ ಮುಂದೆ ನಿಂತೆ. ಎಲ್ಲೂ ಸಡಿಲವಿರಲಿಲ್ಲ.

ಮುಂದಿನ ಭಾನುವಾರ ಗೋಡೌನಿನಲ್ಲಿ ಯಜಮಾನ ಹೇಳಿದ: "ಕೆಂಗೇರಿಯ ಒಂದು ಸ್ಕೂಲಿನವರು ಕರೆದಿದಾರೆ, ಆನ್ಯುಯಲ್ ಡೇಗೆ. ನಾಲ್ಕು ಸೈನಿಕರು ಬೇಕು. ನಾವು ಮೂರು ಜನ ರೆಡಿ. ಇವನ ಕಿಟ್ಟು ಇನ್ನೂ ಅರ್ಧ ಆಗಿದೆ." ಇವನು ಅಂದರೆ ಉದ್ದನೆಯವನು. "ಅದಕ್ಕೆ ನೋಡಮ್ಮ, ನಿಂದು ಇವನು ಹಾಕ್ಕೊಳ್ಲಿ. ನೀನು ಹ್ಯಾಂಡ್ಲರ್ ಆಗ್ಬಿಡು."

ಹೆಲ್ಮೆಟ್ಟಿನೊಳಗಿಂದ ಪಕ್ಕ ಕಾಣುವುದಿಲ್ಲ, ಮೆಟ್ಟಿಲು ಕಾಣುವುದಿಲ್ಲ. ಕೈ ಹಿಡಿದು ನಡೆಸಿ, ಮಕ್ಕಳನ್ನು ದೂರ ಸರಿಸಿ, ನಡುನಡುವೆ ನೀರು ಕುಡಿಸುವವರು ಹ್ಯಾಂಡ್ಲರ್.

"ಕವಚ ನಾಲ್ಕಿದೆ," ಅಂದೆ. "ಕವಚ ಇಲ್ಲದವನು ಒಬ್ಬನಿದ್ದಾನೆ. ಹ್ಯಾಂಡ್ಲರ್ ಯಾರು ಅನ್ನೋದು ಒಂದನೇ ಕ್ಲಾಸಿನ ಲೆಕ್ಕ."

"ಲೆಕ್ಕ ಅಲ್ಲಮ್ಮ, ಲೈನು. ನಾವೆಲ್ಲ ಆರಡಿ ಹತ್ರ ಇದೀವಿ. ಸಾಲಲ್ಲಿ ನೀನು ನಿಂತ್ರೆ ಹಲ್ಲು ಮುರಿದಂಗೆ ಕಾಣುತ್ತೆ."

ಎಲ್ಲರೂ ನಕ್ಕರು. ಹೋಲಿಕೆ ಚೆನ್ನಾಗಿತ್ತು, ನಾನೂ ನಕ್ಕೆ. ಆಮೇಲೆ ಕೇಳಿದೆ, "ಮಿಲಿಟರೀಲಿ ಎಲ್ಲ ಒಂದೇ ಎತ್ತರ ಇರ್ತಾರಾ?"

"ಅದು ನಿಜವಾದ ಮಿಲಿಟರಿ. ಇದು ಸೀರಿಯಸ್ ವಿಷಯ."

ಉದ್ದನೆಯವನು ನೆಲ ನೋಡುತ್ತಾ, "ಬೇಡ ಬಿಡು ಗುರು, ಅವಳೇ ಹಾಕ್ಕೊಳ್ಲಿ" ಅಂದ. ಯಜಮಾನ ಕೇಳಿಸಿಕೊಳ್ಳಲಿಲ್ಲ. ಅವನ ಮುಖದಲ್ಲಿ ಏನೋ ಹೊಳೆದದ್ದು ಕಾಣಿಸಿತು. ಎದುರಾಳಿಗೆ ಪಾಯಿಂಟ್ ಸಿಕ್ಕಾಗ ಮುಖ ಹಾಗಾಗುತ್ತದೆ.

"ಒಳಗೆ ಯಾರಿದ್ರೂ ಒಂದೇ ಅಂತ ಹೇಳಿದ್ದು ನೀನೇ ಅಲ್ವೇನಮ್ಮ? ಮೊದಲನೇ ದಿನ, ಇಲ್ಲೇ ನಿಂತ್ಕೊಂಡು? ಹಂಗಾದ್ರೆ ಇವನಿದ್ರೆ ಏನು?"

ಒಪ್ಪಿಕೊಳ್ಳಬೇಕು, ಒಳ್ಳೆ ಏಟು. ನನ್ನ ಶಾಲೆಯ ಮಕ್ಕಳು ಯಾರಾದರೂ ಹೀಗೆ ಎದುರಾಳಿಯ ವಾಕ್ಯವನ್ನೇ ತಿರುಗಿಸಿ ಹೊಡೆದಿದ್ದರೆ ಬೆನ್ನು ತಟ್ಟುತ್ತಿದ್ದೆ. ಖಂಡನೆಯೂ ನನ್ನ ಹತ್ತಿರ ಇತ್ತು, ಹೇಳಿದೆ. ಯಾರಿದ್ದರೂ ಒಂದೇ ಆದರೆ ನಾನಿದ್ದರೂ ಒಂದೇ. ಬದಲಾಯಿಸಬೇಕು ಅನ್ನುವವರು ಕಾರಣ ಕೊಡಬೇಕು. ನೀನು ಕೊಟ್ಟ ಕಾರಣ ಎತ್ತರ. ಎತ್ತರ ಲೆಕ್ಕಕ್ಕೆ ಬರುತ್ತದೆ ಅಂದ ಕೂಡಲೇ ಯಾರಿದ್ದರೂ ಒಂದೇ ಅನ್ನುವ ಮಾತನ್ನು ನೀನು ಬಳಸುವ ಹಾಗಿಲ್ಲ. ಎರಡರಲ್ಲಿ ಒಂದು ಆರಿಸಿಕೋ.

ಯಜಮಾನ ನಕ್ಕು, "ಮಾತಲ್ಲಿ ನಿನ್ನ ಗೆಲ್ಲಕ್ಕಾಗಲ್ಲ ಬಿಡಮ್ಮ" ಅಂದ. ಈ ಮಾತನ್ನು ನಾನು ಹೊಗಳಿಕೆ ಅಂತ ಎಷ್ಟು ವರ್ಷ ತಿಳಿದಿದ್ದೆನೋ! ಇದರ ಅರ್ಥ ಇಷ್ಟೇ: ನೀನು ಹೇಳಿದ್ದು ಸರಿ, ಅದರಿಂದ ಏನೂ ಬದಲಾಗುವುದಿಲ್ಲ. "ಓಟ್ ಹಾಕೋಣ," ಅಂದ. ಎದುರಾಳಿಗಳೇ ತೀರ್ಪುಗಾರರೂ ಆಗುವ ಸ್ಪರ್ಧೆಯಲ್ಲಿ ನಾನು ಮುಂಚೆ ಭಾಗವಹಿಸಿರಲಿಲ್ಲ. ಉದ್ದನೆಯವನು ಯಾವ ಕಡೆಗೂ ಕೈ ಎತ್ತಲಿಲ್ಲ. ಅವನು ಎತ್ತಿದ್ದರೂ ಫಲಿತಾಂಶ ಅದೇ.

ಅವರು ಅವನಿಗೆ ನನ್ನ ಕವಚ ತೊಡಿಸಲು ಶುರು ಮಾಡಿದರು. ನಾನು ತಡೆಯಲಿಲ್ಲ. ನನಗೆ ಗೊತ್ತಿತ್ತು. ಎದೆಯದು ಅವನ ಎದೆಯ ಮೇಲೆ ಮಗುವಿನ ಕತ್ತಿಗೆ ಕಟ್ಟುವ ಬಿಬ್ಬಿನ ಹಾಗೆ ಕೂತಿತು, ಕೆಳಗೆ ಇಡೀ ಹೊಟ್ಟೆಯ ಮೇಲೆ ಒಳಗಿನ ಕಪ್ಪು ಬಟ್ಟೆ ಕಾಣಿಸಿತು. ಕಾಲಿನದು ಮುಚ್ಚಿಕೊಳ್ಳಲೇ ಇಲ್ಲ. ತೊಡೆಗೆ ಇಬ್ಬರು ಸೇರಿ ಒತ್ತಿದರು, ಅಂಟು ಬಿಟ್ಟು ಚಟ್ಟಂತ ಬಾಯಿ ತೆರೆಯಿತು.

"ಸಾರಿ ಕಣೇ," ಅಂದ ಉದ್ದನೆಯವನು, ಒಂದು ಕಾಲಲ್ಲಿ ನಿಂತುಕೊಂಡು. "ನಾನು ಎಳೀಲಿಲ್ಲ."

"ಒಂದಿಂಚು ಬಿಡು ಅಂತ ಬಡ್ಕೊಂಡೆ," ಅಂದ ಯಜಮಾನ. "ಈಗ ಇದು ಯಾರಿಗೂ ಆಗಲ್ಲ."

"ನನಗೆ ಆಗುತ್ತೆ."

ಆ ಉತ್ತರ ವಿಷಯಕ್ಕೆ ಸಂಬಂಧಪಟ್ಟದ್ದೇ ಅಲ್ಲ ಅನ್ನುವ ಹಾಗೆ ಅವನು ನನ್ನನ್ನು ನೋಡಿದ. ಮೂವರೇ ಹೋಗುವುದು ಅಂತ ತೀರ್ಮಾನವಾಯಿತು. ನಾಲ್ಕು ಬೇಕು ಅಂದಿದ್ದ ಶಾಲೆಗೆ ಮೂರು ಸಾಕಾಯಿತು, ನಾಲ್ಕನೆಯದು ನಾನಾಗುವುದಾದರೆ. ನಾನು ತುಂಡುಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಆಟೋ ಹತ್ತಿದೆ. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಮೇಡಂ, ಗಣೇಶನ ಡೆಕೊರೇಷನ್ನಾ?" ಅಂದ. ಹೌದು ಅಂದೆ. ಅವತ್ತಿಗೆ ವಾದ ಸಾಕಾಗಿತ್ತು.

ತೊಡೆಯನ್ನು ಮತ್ತೆ ಅಂಟಿಸಿ ಕವಚವನ್ನು ಅಟ್ಟದ ಮೇಲಿಟ್ಟೆ. ಕೆಲವು ವಾರ ಗೋಡೌನಿನ ಕಡೆ ಹೋಗಲಿಲ್ಲ. ಆಮೇಲೆ ಯಜಮಾನನದೇ ಫೋನು.

"ನೋಡಮ್ಮ, ನೀನೇ ಬೇಕು. ರಾಜಾಜಿನಗರದಲ್ಲಿ ಲೇಡೀಸ್ ಕಾಲೇಜು. ನಮ್ಮ ಟೀಮಲ್ಲಿ ಹುಡುಗೀನೂ ಇದಾಳೆ ಅಂದ್ರೆ ಫುಲ್ ಖುಷಿ ಅವರಿಗೆ."

"ಲೈನು?"

"ಅಯ್ಯೋ, ಅದನ್ನ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದೀಯಾ? ನೀನು ಮುಂದೆ ನಿಂತ್ಕೊ. ಹೆಲ್ಮೆಟ್ ಮಾತ್ರ ಕೈಯಲ್ಲಿ ಹಿಡ್ಕೊ. ಹಾಕ್ಕೊಂಡ್ಬಿಟ್ರೆ ಹುಡುಗಿ ಅಂತ ಹೆಂಗೆ ಗೊತ್ತಾಗುತ್ತೆ? ಕೂದಲು ಬಿಟ್ಕೊಂಡು, ಸ್ವಲ್ಪ ನಗ್ತಾ."

"ಸರಿ," ಅಂದೆ. ನಾನು ವಾದ ಮಾಡದೆ ಒಪ್ಪಿದ್ದಕ್ಕೆ ಅವನಿಗೇ ಗಾಬರಿಯಾಯಿತು. "ನಿಜವಾಗ್ಲೂ?" ಅಂತ ಇನ್ನೊಂದು ಸಲ ಕೇಳಿದ.

ಕಾಲೇಜಿನವರು ನನಗೆ ಬೇರೆ ಕೋಣೆ ಕೊಟ್ಟಿದ್ದರು. ಒಬ್ಬಳೇ ತೊಟ್ಟುಕೊಂಡೆ, ಲಾಡಿ ಎಳೆದು ಬಿಗಿದೆ, ಕೂದಲನ್ನು ಗಂಟು ಹಾಕಿ ಒಳಗೆ ಸೇರಿಸಿ ಹೆಲ್ಮೆಟ್ ಹಾಕಿಕೊಂಡು ಹೊರಗೆ ಬಂದೆ. ವೇದಿಕೆಯ ಪಕ್ಕದಲ್ಲಿ ಯಜಮಾನನ ಹೆಲ್ಮೆಟ್ಟು ನನ್ನ ಹೆಲ್ಮೆಟ್ಟಿನ ಹತ್ತಿರ ಬಂದು, "ತೆಗಿ. ತೆಗಿಯೇ" ಅಂತ ಗುಸುಗುಸು ಮಾಡಿತು. ನಾನು ಮೆಟ್ಟಿಲು ಹತ್ತಿದೆ. ನಿರೂಪಣೆ ಮಾಡುತ್ತಿದ್ದ ವಿದ್ಯಾರ್ಥಿನಿ ಕೈಯಲ್ಲಿದ್ದ ಚೀಟಿ ನೋಡಿದಳು, ನಮ್ಮ ನಾಲ್ವರನ್ನು ನೋಡಿದಳು, ಮತ್ತೆ ಚೀಟಿ ನೋಡಿದಳು. ಅದರಲ್ಲಿ ಬರೆದಿದ್ದ ಹೆಣ್ಣುಮಗಳು ಅವಳ ಕಣ್ಣಿಗೆ ಬೀಳಲಿಲ್ಲ. "ನಮ್ಮ ಈ ನಾಲ್ಕು ಜನ ಅಣ್ಣಂದಿರಿಗೆ ಜೋರಾಗಿ ಒಂದು ಚಪ್ಪಾಳೆ," ಅಂದಳು. ಇಡೀ ಸಭಾಂಗಣದ ಹುಡುಗಿಯರು ಚಪ್ಪಾಳೆ ತಟ್ಟಿ ಶಿಳ್ಳೆ ಹೊಡೆದರು.

ಕೆಳಗಿಳಿದ ಮೇಲೆ ಫೋಟೋಗೆ ಅಂತ ಗೋಡೆಯ ಪಕ್ಕ ನಿಲ್ಲಿಸಿದರು. ಒಳಗೆ ಬೆವರು ಕಣ್ಣಿಗೆ ಇಳಿಯುತ್ತಿತ್ತು, ಉಸಿರಿಗೆ ಗಾಜು ಮಂಜಾಗಿತ್ತು. ಯಾವ ಹುಡುಗಿಯ ತಾಯಿಯೋ, ಮಲ್ಲಿಗೆ ಮುಡಿದಿದ್ದ ಒಬ್ಬರು ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಪಾಪ, ಇವನು ಚಿಕ್ಕ ಹುಡುಗ. ಸೆಖೆ ಆಗಲ್ವೇನಪ್ಪಾ ಇದರೊಳಗೆ?"

"ಹುಡುಗ ಅಲ್ಲ ಆಂಟಿ," ಅಂದೆ. ಮಾತು ಹೆಲ್ಮೆಟ್ಟಿನೊಳಗೇ ಗುಂಯ್ ಅಂದಿತು.

"ಏನಪ್ಪಾ?" ಕಿವಿ ಹತ್ತಿರ ತಂದರು. ಇನ್ನೊಂದು ಸಲ ಜೋರಾಗಿ ಹೇಳಿದೆ. ಅವರು ಅರ್ಥವಾಗಲಿಲ್ಲ ಅನ್ನುವ ಹಾಗೆ ನಕ್ಕು, ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಮುಚ್ಚಳ ಬಿಚ್ಚಿ ನನ್ನ ಮುಂದೆ ಹಿಡಿದರು. "ತಗೋ, ಎರಡು ಗುಟುಕು ಕುಡಿ. ಅದನ್ನ ಎತ್ತು ಒಂದ್ನಿಮಿಷ."

ಆಚೆ ಬದಿಯಲ್ಲಿ ಯಜಮಾನ ತನ್ನ ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಕ್ಯಾಮೆರಾ ಹಿಡಿದವನಿಗೆ ನನ್ನನ್ನೇ ಬೆರಳಿಟ್ಟು ತೋರಿಸುತ್ತಿದ್ದ. ಕ್ಯಾಮೆರಾ ನನ್ನ ಕಡೆ ತಿರುಗಿ, ನಾನು ಹೆಲ್ಮೆಟ್ ಎತ್ತುವುದನ್ನೇ ಕಾಯುತ್ತಿತ್ತು.

ಬೇಡ ಅಂತ ತಲೆ ಅಲ್ಲಾಡಿಸಿದೆ. ಆಂಟಿ ಪಕ್ಕದವರಿಗೆ, "ತೆಗೀಬಾರದು ಅಂತ ರೂಲ್ಸ್ ಇರ್ಬೇಕು, ಪಾಪ" ಅಂದು ಬಾಟಲಿಯ ಮುಚ್ಚಳ ಹಾಕಿಕೊಂಡು ಹೋದರು. ನನಗೆ ಬಾಯಾರಿತ್ತು.