ರಟ್ಟಿನ ಮನೆಯ ನಡುಗೋಡೆ

ಶಾಲೆಯಲ್ಲಿ ಅವರಿಗೆ ಗೋಂದು ಮೇಷ್ಟ್ರು ಅಂತಲೇ ಹೆಸರು. ಮೂರನೇ, ನಾಲ್ಕನೇ ತರಗತಿಯ ಮಕ್ಕಳಿಗೆ ಕೈಕೆಲಸ ಕಲಿಸುವವರು. ಮೈದಾ ಕುದಿಸಿ ಅವರೇ ಮಾಡುತ್ತಿದ್ದ ಗೋಂದಿನ ಮಹಿಮೆ ಎಂಥದ್ದೆಂದರೆ, ಬೆಳಿಗ್ಗೆ ಅವರ ಕೈ ಕುಲುಕಿದವರು ಸಂಜೆಯವರೆಗೂ ಅವರ ಹಿಂದೆಯೇ ತಿರುಗಬೇಕಾಗುತ್ತಿತ್ತು. ಶಾಲೆಯ ಗೋಡೆ ಬಿರುಕು ಬಿಟ್ಟಾಗ ರಿಪೇರಿಗೆ ಬಂದ ಮೇಸ್ತ್ರಿ, "ನಿಮ್ಮ ಗೋಂದು ಒಂದು ಬಕೆಟ್ ಕೊಡಿ ಸಾರ್, ಸಿಮೆಂಟ್ ಯಾಕೆ ದಂಡ" ಎಂದನಂತೆ.

ಮೇಷ್ಟ್ರಿಗೆ ಒಂದೇ ಒಂದು ಚಟ. ಬೀಡಿಯಲ್ಲ, ಇಸ್ಪೀಟಲ್ಲ, ತಿದ್ದುವ ಚಟ. ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನದ ಹಿಂದಿನ ಸಂಜೆ, ಮಕ್ಕಳೆಲ್ಲ ಮನೆಗೆ ಹೋದಮೇಲೆ, ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಕುಂಟುತ್ತಿದ್ದ ಮಣ್ಣಿನ ಆನೆಗಳು ನೆಟ್ಟಗೆ ನಿಲ್ಲುತ್ತಿದ್ದವು. ಕತ್ತು ಬಾಗಿಸಿದ್ದ ಕಾಗದದ ಹೂಗಳು ತಲೆಯೆತ್ತುತ್ತಿದ್ದವು. ಮರುದಿನ ಬಂದ ಅಪ್ಪ ಅಮ್ಮಂದಿರು ತಮ್ಮ ಕೂಸುಗಳ ಕೈಚಳಕ ನೋಡಿ ಮೂರ್ಛೆ ಹೋಗುವುದೊಂದು ಬಾಕಿ. ಮೇಷ್ಟ್ರ ಹೆಂಡತಿ ಮಾತ್ರ ಒಮ್ಮೆ ಬಂದು ನೋಡಿ, "ಎಲ್ಲಾ ಒಂದೇ ಕೈ ಮಾಡಿದ ಹಾಗಿದೆಯಲ್ರೀ?" ಎಂದಿದ್ದರು.

"ಒಬ್ಬನೇ ಮೇಷ್ಟ್ರು ಕಲಿಸಿದ್ದಲ್ವೇನೇ, ಅದಕ್ಕೆ" ಎಂದು ಮೇಷ್ಟ್ರು ಮೀಸೆಯಲ್ಲೇ ನಕ್ಕಿದ್ದರು.

ಒಂದು ವರ್ಷ ಮಕ್ಕಳು ರಟ್ಟಿನಲ್ಲಿ ತಮ್ಮ ತಮ್ಮ ಮನೆ ಮಾಡಬೇಕಿತ್ತು. ಸೂರು ಎತ್ತಿದರೆ ಒಳಗೆಲ್ಲ ಕಾಣಬೇಕು. ನಾಲ್ಕನೇ ತರಗತಿಯಲ್ಲಿ ಪಿಳಿಪಿಳಿ ಅಂತ ಒಬ್ಬಳಿದ್ದಳು. ಮಾತು ಕಡಿಮೆ, ಕಣ್ಣು ಮಿಟುಕಿಸುವುದು ಜಾಸ್ತಿ. ಅವಳ ಮನೆಯ ಹಾಲ್‌ನ ನಟ್ಟನಡುವೆ ಒಂದು ಗೋಡೆ ಎದ್ದಿತ್ತು.

"ಇದೇನಮ್ಮಾ, ಹಾಲ್‌ಗೆ ಅಡ್ಡ ಗೋಡೆ ಕಟ್ಟಿದೀಯ?"

"ಅಪ್ಪಂಗೂ ದೊಡ್ಡಪ್ಪಂಗೂ ಜಗಳ ಸಾರ್. ಈ ಕಡೆ ನಾವು, ಆ ಕಡೆ ದೊಡ್ಡಪ್ಪ. ಅಜ್ಜಿನೂ ಆ ಕಡೆ."

"ಅಜ್ಜಿ ಹತ್ರ ಹೋಗ್ಬೇಕಂದ್ರೆ?"

"ಬೀದಿ ಸುತ್ತಿ ಹೋಗ್ಬೇಕು. ಅಪ್ಪ ನೋಡಿದ್ರೆ ಬೈತಾರೆ. ನಾಳೆ ಇಬ್ರೂ ಬರ್ತಾರೆ ಸಾರ್, ನಾನೇ ಕರೆದಿದೀನಿ. ಅದಕ್ಕೇ ನಾನು..."

ಅಷ್ಟರಲ್ಲಿ ಹಿಂದಿನ ಸಾಲಿನ ಪುಣ್ಯಾತ್ಮನೊಬ್ಬ ತನ್ನ ಮನೆಯ ಸೂರನ್ನು ತನ್ನ ತಲೆಗೂದಲಿಗೇ ಅಂಟಿಸಿಕೊಂಡು ಬೊಬ್ಬೆ ಹಾಕಿದ. ಮೇಷ್ಟ್ರು ಅತ್ತ ಓಡಿದರು. ಆ "ಅದಕ್ಕೇ" ಏನು ಎಂದು ಆಮೇಲೆ ಕೇಳಲಿಲ್ಲ.

ಸಂಜೆ ಎಂದಿನಂತೆ ತಿದ್ದಲು ಕೂತರು. ಪಿಳಿಪಿಳಿಯ ಮನೆಯ ಸೂರು ಎತ್ತಿದರೆ, ಆ ನಡುಗೋಡೆಯ ಬುಡದಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಅದರ ಪಕ್ಕ ಒಂದು ರಟ್ಟಿನ ಚೂರು ಜೋತಾಡುತ್ತಿತ್ತು. ಪಾಪ, ಕತ್ತರಿ ಜಾರಿದೆ ಅಂದುಕೊಂಡರು. ಚೂರನ್ನು ಕಿತ್ತೆಸೆದು, ತೂತಿಗೆ ಕಾಗದ ಅಂಟಿಸಿ, ಗೋಂದು ಸವರಿ, ಒಣಗಿದ ಮೇಲೆ ಸುಣ್ಣದ ಬಣ್ಣ ಹೊಡೆದರು. ಇರುವೆ ನಡೆದರೂ ಜಾರಿ ಬೀಳಬೇಕು, ಅಷ್ಟು ನುಣುಪು.

ಮರುದಿನ ಅಪ್ಪ ಮೇಜಿನ ಈ ಬದಿ, ದೊಡ್ಡಪ್ಪ ಆ ಬದಿ ಬಂದು ನಿಂತರು. ನಡುವೆ ಮಗಳು, ಕಣ್ಣರಳಿಸಿಕೊಂಡು. ಸೂರು ಎತ್ತಿದಳು.

"ಗೋಡೆ ಚೆನ್ನಾಗಿ ಎಬ್ಬಿಸಿದಾಳೆ" ಎಂದರು ಅಪ್ಪ.

"ನಮ್ಮನೆ ಗೋಡೆ ಕಟ್ಟಿದ ಮೇಸ್ತ್ರಿಗಿಂತ ವಾಸಿ. ಆ ಮಹಾನುಭಾವ ಗೋಡೆಗೂ ಹೊಟ್ಟೆ ಬರಿಸಿದ್ದ" ಎಂದರು ದೊಡ್ಡಪ್ಪ, ಕಿಟಕಿಯ ಕಡೆ ನೋಡುತ್ತ.

ಜಗಳವಾದ ಮೇಲೆ ಅಣ್ಣತಮ್ಮಂದಿರು ಒಪ್ಪಿದ ಮೊದಲ ಮಾತು ಅದು. ಒಪ್ಪಿದ್ದು ಗೋಡೆಯನ್ನು. ಒಬ್ಬರು ಮುಂದಿನ ಗೇಟಿನಿಂದ, ಇನ್ನೊಬ್ಬರು ಹಿಂದಿನ ಗೇಟಿನಿಂದ ಹೊರಟರು.

ಪಿಳಿಪಿಳಿ ಗೋಡೆಯ ಬುಡವನ್ನು ಬೆರಳಿನಿಂದ ತಡವುತ್ತಿದ್ದಳು. "ಬಾಗಿಲೆಲ್ಲಿ ಸಾರ್?"

"ಯಾವ ಬಾಗಿಲಮ್ಮಾ?"

"ಅಜ್ಜಿ ಹತ್ರ ಹೋಗೋಕೆ ಮಾಡಿದ್ನಲ್ಲ. ಇಬ್ರೂ ಒಟ್ಟಿಗೆ ನೋಡ್ಲಿ ಅಂತ."

ಮೇಷ್ಟ್ರಿಗೆ ಹಿಂದಿನ ಸಂಜೆ ಕಿತ್ತೆಸೆದ ರಟ್ಟಿನ ಚೂರು ನೆನಪಾಯಿತು. ಚಪ್ಪಲಿಯೂ ಇಲ್ಲದೆ ಗೇಟಿನ ಕಡೆ ಓಡಿ ಅಪ್ಪನನ್ನು ಹಿಡಿದರು. "ಸ್ವಾಮಿ, ಆ ಗೋಡೇಲಿ ಒಂದು ಬಾಗಿಲಿತ್ತು. ನಿಮ್ಮ ಮಗಳು ಮಾಡಿದ್ಲು. ನಾನು ತಿಳೀದೆ ಮುಚ್ಚಿಬಿಟ್ಟೆ."

ಅಪ್ಪ ನಕ್ಕು, "ಒಳ್ಳೇದೇ ಮಾಡಿದ್ರಿ ಬಿಡಿ ಸಾರ್. ಇಲ್ಲದ ಬಾಗಿಲು ಯಾಕೆ?" ಎಂದು ಸ್ಕೂಟರ್ ಒದ್ದರು.

ಆ ಸಂಜೆ ಮೇಷ್ಟ್ರು ಗೋಡೆ ಕೊರೆದು ಹೊಸ ಬಾಗಿಲು ಮಾಡಿದರು. ಬಟ್ಟೆಯ ಕೀಲು, ಮಣಿಯ ಹಿಡಿ. ಅರಮನೆಗೆ ಒಯ್ದು ಕೂರಿಸಬಹುದಿತ್ತು. ಮರುದಿನ ಹುಡುಗಿ ಅದನ್ನು ತೆರೆದಳು, ಮುಚ್ಚಿದಳು.

"ಚೆನ್ನಾಗಿದೆ ಸಾರ್. ನಿಮ್ಮ ಬಾಗಿಲು" ಎಂದು ಮನೆಯನ್ನು ಅವರ ಮೇಜಿನ ಮೇಲೇ ಬಿಟ್ಟು ಹೋದಳು.

ಮುಂದಿನ ವಾರ ಎಲ್ಲರಿಗೂ ಮಣ್ಣು ಕೊಟ್ಟಾಗ ಅವಳು ತನ್ನ ಉಂಡೆಯನ್ನು ತಂದು ಅವರ ಮುಂದಿಟ್ಟಳು. "ಹೇಗಿದ್ರೂ ಆಮೇಲೆ ನೀವೇ ತಿದ್ತೀರಲ್ಲ ಸಾರ್, ಈಗ್ಲೇ ಮಾಡಿಕೊಡಿ." ಸಿಟ್ಟಿಲ್ಲ, ಅಳುವಿಲ್ಲ, ಪೆನ್ಸಿಲ್ ಕೇಳುವವಳ ದನಿ. ಬೈದಿದ್ದರೆ ಮೇಷ್ಟ್ರು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರು.

ಮರುವರ್ಷದಿಂದ ಪ್ರದರ್ಶನದ ಹಿಂದಿನ ಸಂಜೆ ಅವರು ಗಂಟೆ ಹೊಡೆಯುತ್ತಲೇ ಮನೆಗೆ ಹೋಗುತ್ತಿದ್ದರು. ಆನೆಗಳು ಕುಂಟಿದವು, ಹೂಗಳು ಸೊರಗಿದವು. ಹೆಡ್ ಮಿಸ್ ಮೇಷ್ಟ್ರನ್ನು ಕರೆದು, "ಏನಾಯ್ತು ಮೇಷ್ಟ್ರೇ, ಮಕ್ಕಳಿಗೆ ಕಲಿಸೋದು ಬಿಟ್ರಾ?" ಎಂದು ಗದರಿದರು. ಮೇಷ್ಟ್ರು ಹೂಂಗುಟ್ಟಿ ಬಂದರು. ಈಗ ಪ್ರತಿ ಮಗುವಿನ ಪಕ್ಕ ನೆಲಕ್ಕೇ ಕೂತು, "ಇದೇನು ಹೇಳು" ಎಂದು ಕೇಳಿ, ಎಷ್ಟು ಉದ್ದದ ಕಥೆಯಾದರೂ ಮುಗಿಯುವ ತನಕ ಏಳುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಯಾರು ತಲೆಗೆ ಏನು ಅಂಟಿಸಿಕೊಂಡರೂ ಸರಿ.

ಪಿಳಿಪಿಳಿ ಅಷ್ಟರಲ್ಲಿ ಐದನೇ ತರಗತಿಗೆ ಹೋಗಿದ್ದಳು. ಅಲ್ಲಿ ಕೈಕೆಲಸದ ತರಗತಿಯೇ ಇಲ್ಲ.