ಹಾಡಿನ ಮಧ್ಯದ ಒಗ್ಗರಣೆ

ಸ್ಪೀಕರಿನ ವಯರನ್ನು ಎಳೆದದ್ದೇ ತಡ, ಹಳಸಿದ ತೆಂಗಿನೆಣ್ಣೆಯ ಕಮಟು ವಾಸನೆ ಮೂಗಿಗೆ ಬಡಿಯಿತು. ಆಚೆಮನೆಯ ಹಳೆಯ ಕಂಪ್ಯೂಟರು ಅದು. ಸುಮ್ಮನೆ ಜಾಗ ತಿನ್ನುತ್ತದೆಂದು ಆ ಮನೆಯ ಸೊಸೆ ಮೊನ್ನೆ ನಮ್ಮ ಚಾವಡಿಗೆ ಸಾಗಿಸಿದ್ದಳು. ವಯರಿನ ತುದಿಯ ಪಿನ್ನನ್ನು ಒರೆಸಿದೆ, ಬಟ್ಟೆ ಕಪ್ಪಾಯಿತು. ಬೇಡ ಬೇಡವೆಂದು ನಾನು ಎಷ್ಟು ಬಡಕೊಂಡರೂ ದೊಡ್ಡಪ್ಪ ಕೊನೆಯವರೆಗೂ ಎಣ್ಣೆ ಹಚ್ಚುವುದನ್ನು ಬಿಟ್ಟಿರಲಿಲ್ಲ…

ದೊಡ್ಡಪ್ಪ ಎಂದರೆ ರಕ್ತಸಂಬಂಧವೇನಲ್ಲ. ಮರವಂತೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದು ಗೋಡೆ ಮಾತ್ರ, ಅದಕ್ಕೇ ದೊಡ್ಡಪ್ಪ. ಪ್ರಾಯವನ್ನೆಲ್ಲ ಬೊಂಬಾಯಿಯ ಹೋಟೆಲುಗಳ ಅಡುಗೆಮನೆಯಲ್ಲಿ ಸವೆಸಿ, ಊರಿಗೆ ಬಂದು ಮಗ ಸೊಸೆ ಮೊಮ್ಮಕ್ಕಳ ಜೊತೆ ಇದ್ದರು. ಅವರು ಊರು ಸೇರಿದ ಸ್ವಲ್ಪ ದಿನಕ್ಕೇ ದೊಡ್ಡಮ್ಮ ತೀರಿಕೊಂಡಿದ್ದರು. ಮದುವೆಯಾಗಿ ಅಷ್ಟು ವರ್ಷವಾದರೂ ಗಂಡ ಹೆಂಡತಿ ಒಟ್ಟಿಗೆ ಇದ್ದದ್ದು ರಜೆಯ ದಿನಗಳಲ್ಲಿ ಮಾತ್ರ.

ದೊಡ್ಡಮ್ಮ ಶೋಭಾನೆ ಹಾಡಿದರೆ ದಿಬ್ಬಣದವರು ಊಟದೆಲೆ ಬಿಟ್ಟು ಬರುತ್ತಿದ್ದರಂತೆ. ತಮ್ಮ ತಂಗಿಯ ಮದುವೆಗೆ ರಜೆ ಸಿಗದೆ ದೊಡ್ಡಪ್ಪ ಬೊಂಬಾಯಿಯಲ್ಲೇ ಉಳಿದಾಗ, ದೊಡ್ಡಮ್ಮ ಅದೇ ಹಾಡನ್ನು ಟೇಪಿನಲ್ಲಿ ಹಿಡಿದು, ಅತ್ತ ಹೊರಟಿದ್ದ ಪಕ್ಕದೂರು ನಾವುಂದದವರೊಬ್ಬರ ಕೈಯಲ್ಲಿ ಕಳಿಸಿಕೊಟ್ಟಿದ್ದರು. ಆಗೆಲ್ಲ ಹಾಗೆ, ಕಾಗದ ಬರೆಯಲು ಬಾರದವರು ಕ್ಯಾಸೆಟ್ಟು ಕಳಿಸುತ್ತಿದ್ದರು. ಮುಂದೆ ಆ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯಿತು. ಹಾಳಾಗುವ ಮೊದಲು ಮೊಮ್ಮಗ ಹಾಡನ್ನು ಕಂಪ್ಯೂಟರಿಗೆ ಹಾಕಿಸಿದ್ದೊಂದು ಪುಣ್ಯ. ದೊಡ್ಡಮ್ಮನ ಸ್ವರ ಅಂತ ಈ ಲೋಕದಲ್ಲಿ ಉಳಿದದ್ದು ಅದೊಂದೇ.

ದೊಡ್ಡಪ್ಪ ದಿನಾ ಸಂಜೆ ಕೇಳುತ್ತಿದ್ದ ಆ ಹಾಡಿನಲ್ಲಿ ಕರಕರ ಶುರುವಾಯಿತು. ನಾನು ಕುಂದಾಪುರದಲ್ಲಿ ದಿನವಿಡೀ ಊರವರ ಮದುವೆ ಕಾಗದ ಟೈಪು ಮಾಡಿ, ಬಸ್ಸಿನಲ್ಲಿ ನಿಂತೇ ಬಂದು, ಗೇಟು ತೆಗೆಯುವಷ್ಟರಲ್ಲಿ ಗೋಡೆಯಾಚೆಯಿಂದ ಅವರ ಕೂಗು.

"ಹ್ವಾಯ್, ಹೆಣೆ! ಒಂದ್ಚೂರ್ ಬಂದ್ ಹೋಗ್. ಇವತ್ತೂ ಹಾಡಿನ್ ಮಧ್ಯ ಒಗ್ಗರಣಿ ಹಾಕ್ದಾಂಗೆ ಕೇಂತ್!"

ಕಂಪ್ಯೂಟರಿನಲ್ಲಿ ಟೈಪು ಮಾಡುವವಳಿಗೆ ಅದರ ಹೊಟ್ಟೆನೋವೂ ಗೊತ್ತಿರಬೇಕು ಎಂಬುದು ಅವರ ನಂಬಿಕೆ. ನನಗೆ ಸೊಂಟ ನೋವು, ಅವರಿಗೆ ಹಾಡಿನ ಚಿಂತೆ. ಇಲ್ಲವೆನ್ನಲು ಬಾಯಿ ಬರುತ್ತಿರಲಿಲ್ಲ, ಆದರೆ ಮನಸ್ಸಿನೊಳಗೆ ಬೈಯುತ್ತಲೇ ಹೋಗುತ್ತಿದ್ದೆ. ವಯರು ಬದಲಿಸಿದೆ. ಸ್ಪೀಕರನ್ನು ಯುಪಿಎಸ್ಸಿನಿಂದ ದೂರ ಇಟ್ಟೆ. ಸೌಂಡಿನ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಒಂದು ದಿನ ಸರಿ, ಮರುದಿನ ಮತ್ತೆ ಕರಕರ.

ಕೊನೆಗೆ ಒಂದು ಸಂಜೆ ಪಿನ್ನು ಕೈಯಿಂದ ಜಾರಿತು. ಮೂಸಿ ನೋಡಿದರೆ ತೆಂಗಿನೆಣ್ಣೆ!

"ದೊಡ್ಡಪ್ಪಾ, ಎಂತ ಇದ್?"

"ಉಪ್ಪುಗಾಳಿಗೆ ತುಕ್ಕ್ ಹಿಡಿತ್ತಲೆ, ದಿನಾ ಬೆಳಿಗ್ಗೆ ಒಂಚೂರ್ ಸವರ್ತೆ" ಎಂದರು, ಮೆಚ್ಚುಗೆಯ ಮಾತಿಗೆ ಕಾದವರ ಹಾಗೆ.

ಅವರದೂ ತಪ್ಪಲ್ಲ. ನಮ್ಮಲ್ಲಿ ಬಾಗಿಲ ಚಿಲಕ, ಹೊಲಿಗೆ ಮೆಷಿನ್ನು, ಸೈಕಲ್ಲು, ಕಡಲ ಗಾಳಿಗೆ ತುಕ್ಕು ಹಿಡಿಯುವ ಎಲ್ಲದಕ್ಕೂ ಮದ್ದು ಅದೊಂದೇ. ಆದರೆ ಎಣ್ಣೆಗೆ ಧೂಳು ಅಂಟಿ, ಪಿನ್ನಿನ ತುದಿಯಲ್ಲಿ ಮೇಣದಂಥ ಮಡ್ಡಿ ಕೂತಿತ್ತು. ಒರೆಸಿ, ಒಣಗಿಸಿ, ಹಾಡು ಹಾಕಿದೆ. ದೊಡ್ಡಮ್ಮ ಎದುರಿಗೇ ಕುಳಿತು ಹಾಡಿದಷ್ಟು ಚೊಕ್ಕ. ನನಗೇ ಕಣ್ಣು ತುಂಬಿತು.

"ಸಮ ಆಯ್ತಾ?"

ದೊಡ್ಡಪ್ಪ ತಲೆಯಾಡಿಸಿದರು. "ಇಲ್ಲೆ ಹೆಣೆ, ಒಗ್ಗರಣಿ ಹಾಂಗೇ ಇತ್ತ್."

ಹಾಡನ್ನೇ ನಿಲ್ಲಿಸಿದೆ. ಕಂಪ್ಯೂಟರನ್ನೂ ಆಫ್ ಮಾಡಿದೆ. "ಈಗ?"

"ಈಗ್ಳೂ ಇತ್ತ್, ಕಾಣ್" ಎಂದವರು, ಕತ್ತಲಾದ ಪರದೆಯನ್ನು ನೋಡಿ ಮೆಲ್ಲಗೆ ಕಿವಿ ಮುಟ್ಟಿಕೊಂಡರು. ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಅಷ್ಟು ದಿನ ನಾವು ಬರೆ ಎಳೆದದ್ದು ಕಂಪ್ಯೂಟರಿಗೆ…

ಮಗ ಅವರನ್ನು ಕುಂದಾಪುರದ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ನರದ ತೊಂದರೆ, ವಾಸಿಯಾಗುವುದಲ್ಲ ಎಂದರಂತೆ. ಕಿವಿಗೆ ಮೆಷಿನ್ನು ಬಂತು. ಅದನ್ನು ಹಾಕಿಕೊಂಡು ಹಾಡು ಕೇಳಿದವರು ಅರ್ಧಕ್ಕೇ ಕಿತ್ತು ಮೇಜಿನ ಮೇಲಿಟ್ಟರು.

"ಇದ್ ಅವ್ಳ್ ಸ್ವರ ಅಲ್ಲ. ಯಾರೋ ತಗಡ್ ಬಡ್ದಾಂಗೆ ಕೇಂತ್."

ಮೆಲ್ಲ ಮೆಲ್ಲ ಹಾಡು ಅವರಿಂದ ದೂರವಾಯಿತು. ಮೊದಲು ಸಣ್ಣ ಸ್ವರಗಳು ಹೋದವು, ಆಮೇಲೆ ಮಾತುಗಳು. ಆದರೂ ಸಂಜೆಯಾದರೆ ಗೋಡೆಯಾಚೆಯ ಕೂಗು ತಪ್ಪಲಿಲ್ಲ. ಈಗ ಕರೆಯುತ್ತಿದ್ದುದು ರಿಪೇರಿಗಲ್ಲ. ಹಾಡು ಹಾಕಿಸಿ, ನನ್ನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿ, "ಎಲ್ಲಿಗ್ ಬಂತ್ ಹೇಳ್" ಎನ್ನುತ್ತಿದ್ದರು.

ನಾನು ಅವರ ಕಿವಿಯ ಹತ್ತಿರ ಬಾಗಿ ಕೂಗಿ ಹೇಳಬೇಕು. "ದಿಬ್ಬಣ ಹೊಳಿ ದಾಂಟ್ತ್, ದೊಡ್ಡಪ್ಪ." ಅವರು ತಲೆಯಾಡಿಸುವರು. "ಈಗ ಹೆಣ್ಣಿನ್ ಕಾಲಿಗ್ ನೀರ್ ಹಾಕ್ತ್ರ್." ಮೂರನೆಯ ನುಡಿಯಲ್ಲಿ ದೊಡ್ಡಮ್ಮ ಸಾಲು ಮರೆತು ಒಂದು ಗಳಿಗೆ ನಗುತ್ತಾರೆ. ಅಲ್ಲಿಗೆ ಬಂದಾಗ ದೊಡ್ಡಪ್ಪನೇ ನನ್ನ ಮುಖ ನೋಡುವರು. "ನೆಗಾಡ್ದ್ಲಾ?" "ನೆಗಾಡಿದ್ರ್." ಆಗ ಇವರೂ ನಗುವರು, ಹಲ್ಲಿಲ್ಲದ ಬಾಯಿ ತೆರೆದು.

ದಣಿದ ಮೈಯಲ್ಲಿ ಆ ಕೂಗಾಟ ಯಾರಿಗೆ ಬೇಕು! ಎಷ್ಟೋ ಸಲ ಸಾಕಪ್ಪಾ ಸಾಕು ಅನ್ನಿಸುತ್ತಿತ್ತು. ಆದರೆ ಅವರ ಹೆಂಡತಿಯ ಸ್ವರ ಅವರಿಗೆ ತಲುಪಲು ನನ್ನ ಗಂಟಲೊಂದೇ ದಾರಿಯಾಗಿತ್ತು.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ದೊಡ್ಡಪ್ಪ ತೀರಿಕೊಂಡರು. ಅಂದಿನಿಂದ ಸಂಜೆ ಗೇಟು ತೆಗೆದರೆ ಯಾರೂ ಕರೆಯುವುದಿಲ್ಲ. ನೆಟ್ಟಗೆ ಮನೆಯೊಳಗೆ ಹೋಗಿ ಕಾಲು ಚಾಚಬಹುದು. ಚಾಚುತ್ತೇನೆ. ದಣಿವು ಮಾತ್ರ ಹೋಗುವುದಿಲ್ಲ.

ಈಗ ಒರೆಸಿದ ಪಿನ್ನನ್ನು ಸಿಕ್ಕಿಸಿ ಹಾಡು ಹಾಕಿದೆ. ಒಂದು ಚೂರೂ ಕರಕರವಿಲ್ಲ. ಎಷ್ಟು ಸಂಜೆ ಕೇಳಿದ ಹಾಡು ಅದು! ಆದರೆ ನನಗಾಗಿ ಒಮ್ಮೆಯೂ ಕೇಳಿರಲಿಲ್ಲ. ಕಣ್ಣು ಮುಚ್ಚಿ ಕುಳಿತೆ. ದಿಬ್ಬಣ ಹೊಳೆ ದಾಟಿತು, ಚಪ್ಪರದೊಳಗೆ ಬಂತು…

ಒಳಗಿನಿಂದ ಅಮ್ಮ, "ಯಾರ್ ಬಂದದ್ದೇ? ಎಂತಕ್ಕೆ ಆ ನಮೂನಿ ಕೂಗ್ತೆ?" ಎಂದು ಕೇಳಿದಾಗಲೇ, ಒಂದೊಂದು ಸಾಲನ್ನೂ ನಾನು ಗಟ್ಟಿಯಾಗಿ ಹೇಳುತ್ತಿದ್ದೇನೆಂದು ತಿಳಿದದ್ದು.

"ಯಾರೂ ಇಲ್ಲೆ ಅಮ್ಮ" ಎಂದೆ.